ಊರಿನ ಹಳೇ ಟ್ರ್ಯಾಕ್ಟರಿಗೆ ಒಂದು ಹೊಸ ಫಿಲ್ಟರ್



ಅಹಮದಾಬಾದ್, ವಡೋದರಾ, ಸೂರತ್ ಎಂದು ಮೂರು ನಗರಗಳಲ್ಲಿ ಹಂಚಿಹೋಗಿರುವ ನಮಗೆ ಟ್ರ್ಯಾಕ್ಟರಿನ ಮಾತೇಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ ಬ್ಯಾಂಕಿನವರಿದ್ದಾರೆ, ಹೋಟೆಲಿನವರಿದ್ದಾರೆ, ಕಾರ್ಖಾನೆಯವರಿದ್ದಾರೆ. ಆದರೆ ಅನೇಕರಿಗೆ ಊರಿನಲ್ಲಿ ಇನ್ನೂ ಹೊಲವೋ ತೋಟವೋ ಇದೆ. ಅಲ್ಲಿ ಅಪ್ಪನೋ ಅಣ್ಣನೋ ನಡೆಸುವ ಒಂದು ಹಳೆಯ ಸಣ್ಣ ಟ್ರ್ಯಾಕ್ಟರ್ ಇದೆ. ರೋಹಿಣಿ ಮಳೆ ಬಿದ್ದು ಹದ ಬಂದ ದಿನವೇ ಅದು ಅರ್ಧ ಸಾಲಿಗೆ ನಿಂತುಬಿಡುತ್ತದೆ. ಇಲ್ಲಿಗೆ ಫೋನು ಬರುತ್ತದೆ: ಪಂಪ್ ಹೋಗಿದೆಯಂತೆ, ದುಡ್ಡು ಬೇಕಂತೆ. ದುಡ್ಡು ಈಗ ಕ್ಷಣದಲ್ಲಿ ತಲುಪುತ್ತದೆ, ನಿಜ. ಆದರೆ ಪಂಪ್ ಬಿಚ್ಚಿ, ಪೇಟೆಗೆ ಒಯ್ದು, ರಿಪೇರಿ ಮಾಡಿಸಿ ತರುವಷ್ಟು ದಿನ ನೆಲದ ಹದ ಕಾಯುವುದಿಲ್ಲ.

ಹಾಗೆ ನಿಂತ ಟ್ರ್ಯಾಕ್ಟರುಗಳಲ್ಲಿ ಎಷ್ಟೋ ಸಲ ಕೆಟ್ಟಿರುವುದು ಪಂಪೇ ಅಲ್ಲ. ಡೀಸೆಲ್ ಸೋಸುವ ಫಿಲ್ಟರ್ ಕಟ್ಟಿಕೊಂಡಿರುತ್ತದೆ, ಇಲ್ಲವೇ ಅದರೊಳಗೆ ನೀರು ನಿಂತಿರುತ್ತದೆ, ಇಲ್ಲವೇ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಇಂದಿನ ಮಾತು ಇಷ್ಟೇ: ಅಗ್ಗದ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ನೋಡಿಕೊಂಡರೆ ದುಬಾರಿ ಪಂಪ್ ಉಳಿಯುತ್ತದೆ, ಬಿತ್ತನೆಯೂ ಉಳಿಯುತ್ತದೆ.

ಟ್ರ್ಯಾಕ್ಟರಿನ ವಿಷಯದಲ್ಲಿ ಕರ್ನಾಟಕಕ್ಕೂ ಗುಜರಾತಿಗೂ ಹಳೆಯ ನಂಟಿದೆ. ಬೆಂಗಳೂರಿನ ವಿ.ಎಸ್.ಟಿ. ಟಿಲ್ಲರ್ಸ್ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಶುರುವಾಯಿತು. ಅದರ ‘ಮಿತ್ಸುಬಿಷಿ ಶಕ್ತಿ’ ಎಂಬ ಹದಿನೆಂಟೂವರೆ ಅಶ್ವಶಕ್ತಿಯ, ಮೂರು ಸಿಲಿಂಡರಿನ ಪುಟ್ಟ ಟ್ರ್ಯಾಕ್ಟರ್ ನಮ್ಮ ಕಡೆಯ ತೋಟಗಳಲ್ಲೂ ಓಡಿದೆ, ಇಲ್ಲಿನ ಹತ್ತಿ ಸಾಲುಗಳ ನಡುವೆಯೂ ಓಡಿದೆ. ವಡೋದರಾದ ಕೇಳುಗರಿಗೆ ವಿಶ್ವಾಮಿತ್ರಿಯ ಟ್ರ್ಯಾಕ್ಟರ್ ಕಾರ್ಖಾನೆ ಗೊತ್ತಿರಬಹುದು. ಚೆಕೊಸ್ಲೊವಾಕಿಯಾದ ಜೆಟರ್ ಸಹಯೋಗದ ಹಿಂದೂಸ್ತಾನ್ ಟ್ರ್ಯಾಕ್ಟರ್ ತಯಾರಾದದ್ದು ಅಲ್ಲಿ. ಮುಂದೆ ಅದು ಗುಜರಾತ್ ಟ್ರ್ಯಾಕ್ಟರ್ ಆಯಿತು, 1999ರಲ್ಲಿ ಮಹೀಂದ್ರಾ ಅದರ ಪಾಲು ಕೊಂಡಿತು, 2017ರಿಂದ ಗ್ರೋಮ್ಯಾಕ್ಸ್ ಎಂಬ ಹೆಸರು ಬಂತು. ಇನ್ನು ಡೀಸೆಲ್ ಪಂಪಿನ ಮಾತು ಬಂದರೆ ಮೈಕೋ ಹೆಸರು ಹೇಳದೆ ಇರಲಾಗದು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಗೊಂಡ ಈ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಮಾತ್ರ ಅದು ಇನ್ನೂ ಮೈಕೋ ಪಂಪೇ.

ಆ ಪಂಪಿಗೆ ಇಷ್ಟೊಂದು ಕಾವಲು ಯಾಕೆ? ಅದರೊಳಗಿನ ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್ ಎಂದರೆ ಲೆಕ್ಕ ಹಾಕಿ. ಕಣ್ಣಿಗೆ ಕಾಣದ ಧೂಳಿನ ಕಣ ಒಳಗೆ ಹೋದರೂ ಗೀರು ಬೀಳುತ್ತದೆ. ಎಣ್ಣೆಯ ಮಶೀನಿನಂತೆ ಈ ಪಂಪಿನ ಒಳಭಾಗಕ್ಕೆ ಡೀಸೆಲೇ ಜಾರುಗುಣ ಕೊಡಬೇಕು. ಡೀಸೆಲಿನ ಜಾಗದಲ್ಲಿ ನೀರು ಬಂದರೆ ಜಾರುವುದೂ ಇಲ್ಲ, ತುಕ್ಕು ಬೇರೆ. ಇದನ್ನೆಲ್ಲ ತಡೆಯಲು ನಡುವೆ ನಿಂತಿರುವುದು ಒಂದು ಕಾಗದದ ಫಿಲ್ಟರ್. ಕೆಲವು ಟ್ರ್ಯಾಕ್ಟರಿನಲ್ಲಿ ಎರಡು ಇರುತ್ತವೆ: ಮೊದಲನೆಯದು ದಪ್ಪ ಕಸಕ್ಕೆ, ಎರಡನೆಯದು ಸೂಕ್ಷ್ಮ ಧೂಳಿಗೆ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಒಂದೇ ಫಿಲ್ಟರ್, ಅದರ ಕೆಳಗೆ ನೀರು ಕೂರಲು ಒಂದು ಪುಟ್ಟ ಬಟ್ಟಲು.

ಈಗ ರೋಗದ ಲಕ್ಷಣ ನೋಡೋಣ. ಟ್ರ್ಯಾಕ್ಟರ್ ಸ್ಟಾರ್ಟ್ ಆಗುತ್ತದೆ, ಖಾಲಿ ಓಡಿದರೆ ಸರಿ. ನೇಗಿಲು ನೆಲಕ್ಕೆ ಇಳಿಸಿದೊಡನೆ ದಮ್ಮು ಕಟ್ಟಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಇದು ಡೀಸೆಲ್ ಸಾಕಷ್ಟು ಬರುತ್ತಿಲ್ಲ ಎಂಬುದರ ಗುರುತು. ಇಂಥ ಫೋನು ಬಂದಾಗ ನೀವು ಮೊದಲು ಹೇಳಬೇಕಾದ್ದು ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ: “ಅಪ್ಪಾ, ಡೀಸೆಲ್ ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲ ಮಾಡಿ ನೋಡ್ರಿ.” ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಅದು ಮಣ್ಣು ತುಂಬಿ ಮುಚ್ಚಿಹೋದರೆ ಡೀಸೆಲ್ ಕೆಳಗಿಳಿಯುವುದಿಲ್ಲ. ಮುಚ್ಚಳ ಸಡಿಲಿಸಿದ ಮೇಲೆ ಟ್ರ್ಯಾಕ್ಟರ್ ಚೆನ್ನಾಗಿ ಓಡಿದರೆ ಕಾಯಿಲೆ ಗೊತ್ತಾಯಿತು. ಓಡದಿದ್ದರೆ ಮುಂದಿನದು ಫಿಲ್ಟರ್.

ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ತಣ್ಣಗಾಗಲು ಬಿಡಿ. ಹತ್ತಿರ ಬೀಡಿ, ಬೆಂಕಿ ಬೇಡ. ಏನನ್ನೂ ಬಿಚ್ಚುವ ಮೊದಲು ಫಿಲ್ಟರಿನ ಹೊರಮೈಯನ್ನು ಬ್ರಷ್ಷಿನಿಂದ ತೊಳೆದು ಒರೆಸಬೇಕು. ಬಹಳ ಜನ ಬಿಡುವ ಕೆಲಸ ಇದೇ. ಫಿಲ್ಟರ್ ಬದಲಿಸುವ ಗಡಿಬಿಡಿಯಲ್ಲಿ ಹೊರಗಿನ ಮಣ್ಣು ಒಳಗೆ ಬಿದ್ದರೆ ಹೊಸ ಫಿಲ್ಟರ್ ಹಾಕಿ ಏನು ಬಂತು?

ಡೀಸೆಲ್ ಕಾಕ್ ಬಂದ್ ಮಾಡಿ, ಬಟ್ಟಲಿನಲ್ಲಿರುವುದನ್ನು ಒಂದು ಗಾಜಿನ ಬಾಟಲಿಗೆ ಇಳಿಸಿ, ಸ್ವಲ್ಪ ಹೊತ್ತು ಅಲುಗಾಡಿಸದೆ ಇಡಿ. ನೀರು ಡೀಸೆಲಿಗಿಂತ ಭಾರ, ತಳಕ್ಕೆ ಕೂರುತ್ತದೆ. ಆ ಬಾಟಲಿ ನಿಮಗೆ ಟ್ಯಾಂಕಿನ ಕಥೆಯನ್ನೆಲ್ಲ ಹೇಳುತ್ತದೆ. ತಳದಲ್ಲಿ ನೀರಿನ ಪದರ ಕಂಡರೆ ಟ್ಯಾಂಕಿನಲ್ಲೂ ನೀರಿದೆ. ಕೆಂಪು ಪುಡಿ ಕಂಡರೆ ತುಕ್ಕು. ಕಪ್ಪು ಲೋಳೆ ಕಂಡರೆ ನೀರೂ ಡೀಸೆಲೂ ಸೇರುವಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಪಾಚಿ. ಈ ಮೂರರಲ್ಲಿ ಯಾವುದು ಕಂಡರೂ ಫಿಲ್ಟರ್ ಬದಲಿಸಿದರಷ್ಟೇ ಸಾಲದು, ಟ್ಯಾಂಕ್ ಖಾಲಿ ಮಾಡಿ ತೊಳೆಯಬೇಕು. ಇಲ್ಲದಿದ್ದರೆ ಹೊಸ ಫಿಲ್ಟರ್ ಕೂಡ ಬೇಗನೆ ಕಟ್ಟಿಕೊಳ್ಳುತ್ತದೆ.

ಕಾಗದದ ಫಿಲ್ಟರನ್ನು ಡೀಸೆಲಿನಲ್ಲಿ ಅದ್ದಿ ತೊಳೆದು, ಗಾಳಿ ಹೊಡೆದು ಮತ್ತೆ ಹಾಕುವ ರೂಢಿ ನಮ್ಮಲ್ಲೂ ಇದೆ, ಇಲ್ಲೂ ಇದೆ. ದಯವಿಟ್ಟು ಬೇಡ. ಗಾಳಿಯ ಹೊಡೆತಕ್ಕೆ ಕಾಗದ ಹರಿಯುತ್ತದೆ, ಹರಿದದ್ದು ಕಣ್ಣಿಗೆ ಕಾಣುವುದಿಲ್ಲ. ಉಳಿಸಿದ ದುಡ್ಡಿನ ಎಷ್ಟೋ ಪಟ್ಟನ್ನು ಆಮೇಲೆ ಪಂಪ್ ವಸೂಲು ಮಾಡುತ್ತದೆ. ಫಿಲ್ಟರ್ ಜೊತೆ ಓ-ರಿಂಗ್ ಕೂಡ ಹೊಸದೇ ಇರಲಿ, ಅದಕ್ಕೆ ಒಂದು ಹನಿ ಶುದ್ಧ ಡೀಸೆಲ್ ಸವರಿ ಕೂರಿಸಿ. ಬಟ್ಟಲನ್ನು ಕೈಯಿಂದ ಬಿಗಿ ಮಾಡಿದರೆ ಸಾಕು ಎಂದು ಕೈಪಿಡಿ ಹೇಳಿದ್ದರೆ ಅಲ್ಲಿ ಸ್ಪ್ಯಾನರಿನ ಪೌರುಷ ಬೇಡ.

ಹಳೆಯ ಟ್ರ್ಯಾಕ್ಟರುಗಳ ರಬ್ಬರ್ ಭಾಗಗಳಿಗೆ ಇತ್ತೀಚೆಗೆ ಇನ್ನೊಂದು ಕಾರಣಕ್ಕೂ ಗಮನ ಬೇಕು. 2020ರ ಏಪ್ರಿಲಿನಿಂದ ದೇಶದಾದ್ಯಂತ ಬಿ.ಎಸ್. ಆರು ಡೀಸೆಲ್ ಬಂದಿದೆ. ಅದರಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಭಾಗ ಮಾತ್ರ, ಬಿ.ಎಸ್. ಮೂರರ ಕಾಲದಲ್ಲಿ 350 ಇತ್ತು. ಗಾಳಿಗೆ ಇದು ಒಳ್ಳೆಯದೇ. ಆದರೆ ಡೀಸೆಲಿನ ಗುಣ ಬದಲಾದಾಗ ವರ್ಷಗಟ್ಟಲೆ ಕೂತಿದ್ದ ಹಳೆಯ ರಬ್ಬರ್ ಕುಗ್ಗಿ ಸೋರಲು ತೊಡಗಬಹುದು. ಸೋರುವುದೆಂದರೆ ಡೀಸೆಲ್ ಹನಿಯಲೇಬೇಕೆಂದಿಲ್ಲ. ಪಂಪ್ ಎಳೆಯುವ ಕಡೆಯ ಪೈಪಿನಲ್ಲಿ ಬಿರುಕಿದ್ದರೆ ಹೊರಗೆ ಹನಿಯೂ ಕಾಣದೆ ಒಳಗೆ ಗಾಳಿ ನುಗ್ಗುತ್ತದೆ.

ಫಿಲ್ಟರ್ ಬದಲಿಸಿದ ಮೇಲೆ ಗಾಳಿ ತೆಗೆಯುವುದು ಮುಖ್ಯ. ಕಾಕ್ ತೆರೆದು, ಫಿಲ್ಟರಿನ ಮೇಲಿರುವ ಏರ್ ಸ್ಕ್ರೂ ಸಡಿಲಿಸಿ. ಕೈಪಂಪ್ ಇದ್ದರೆ ಒತ್ತಿ, ಇಲ್ಲದಿದ್ದರೆ ಡೀಸೆಲ್ ತಾನಾಗಿ ಇಳಿಯಲು ಬಿಡಿ. ಮೊದಲು ಗುಳ್ಳೆ ಬರುತ್ತದೆ. ಗುಳ್ಳೆ ನಿಂತು ಡೀಸೆಲ್ ಧಾರೆಯಾಗಿ ಬಂದಾಗ ಸ್ಕ್ರೂ ಬಿಗಿ ಮಾಡಿ. ಆಮೇಲೆ ಪಂಪಿನ ಸ್ಕ್ರೂವಿನಲ್ಲೂ ಹಾಗೆಯೇ. ಹೊಸ ಫಿಲ್ಟರಿನೊಳಗೆ ಕ್ಯಾನಿನಿಂದ ಡೀಸೆಲ್ ಸುರಿದು ತುಂಬಿಸಬೇಡಿ, ಸೋಸದ ಡೀಸೆಲ್ ನೇರವಾಗಿ ಪಂಪಿಗೆ ಹೋದೀತು. ಸ್ಟಾರ್ಟರನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯದೆ ನಡುನಡುವೆ ಬಿಡುವು ಕೊಡಿ. ಇಂಜೆಕ್ಟರಿನ ಪೈಪಿಗೆ ಮಾತ್ರ ಅನುಭವವಿಲ್ಲದವರು ಕೈ ಹಾಕಬಾರದು. ಅಲ್ಲಿಂದ ಚಿಮ್ಮುವ ಡೀಸೆಲಿನ ಒತ್ತಡ ಚರ್ಮವನ್ನೇ ತೂರಿ ಒಳಹೋಗಬಲ್ಲದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎಷ್ಟು ದಿನಕ್ಕೊಮ್ಮೆ? ಕೈಪಿಡಿಯಲ್ಲಿ ಗಂಟೆಗಳ ಲೆಕ್ಕ ಇರುತ್ತದೆ, ಅದನ್ನೇ ಪಾಲಿಸಿ. ಹಳೆಯ ಟ್ರ್ಯಾಕ್ಟರಿನ ಗಂಟೆ ಮೀಟರ್ ನಿಂತು ಎಷ್ಟೋ ವರ್ಷವಾಗಿದ್ದರೆ ಪಂಚಾಂಗದ ಲೆಕ್ಕ ಹಿಡಿಯಿರಿ: ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು ಹೊಸ ಫಿಲ್ಟರ್. ಸೌರಾಷ್ಟ್ರದ ರೈತರು ಭೀಮ ಅಗಿಯಾರಸದ ಹೊತ್ತಿಗೆ ಬಿತ್ತನೆಗೆ ಸಜ್ಜಾಗುತ್ತಾರೆ, ನಮ್ಮವರು ರೋಹಿಣಿಗೆ ಸಜ್ಜಾಗುತ್ತಾರೆ. ಕೂರಿಗೆ ಸಜ್ಜುಮಾಡುವ ದಿನವೇ ಫಿಲ್ಟರಿನ ದಿನವೂ ಆಗಲಿ. ಬಟ್ಟಲಿನ ನೀರು ಇಳಿಸುವುದು ವಾರಕ್ಕೊಮ್ಮೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು.

ನೀರು ಬರುವುದೆಲ್ಲಿಂದ? ಮಳೆಯಲ್ಲಿ ನಿಂತ ಡ್ರಮ್ಮಿನಿಂದ, ರಾತ್ರಿಯ ತಂಪಿಗೆ ಅರ್ಧ ಖಾಲಿ ಟ್ಯಾಂಕಿನಲ್ಲಿ ಬೆವರುವ ಹನಿಯಿಂದ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಡಿ, ಡ್ರಮ್ಮಿನ ತಳದ ಡೀಸೆಲ್ ಎತ್ತಬೇಡಿ. ಅಗ್ಗವೆಂದು ಎಲ್ಲೆಂದರಲ್ಲಿ ಕೊಳ್ಳುವುದೂ ಅಪಾಯ. ಬಯೋಡೀಸೆಲ್ ಎಂಬ ಹೆಸರಿನಲ್ಲಿ ಬೇರೇನನ್ನೋ ಅಕ್ರಮವಾಗಿ ಮಾರುತ್ತಿದ್ದವರ ಮೇಲೆ ಗುಜರಾತಿನಲ್ಲಿ 2021ರಲ್ಲಿ ಕಠಿಣ ಕ್ರಮ ನಡೆದದ್ದು ನಿಮಗೆ ನೆನಪಿರಬಹುದು.

ಟ್ರ್ಯಾಕ್ಟರ್ ಇಲ್ಲದ ಕೇಳುಗರಿಗೂ ಒಂದು ಮಾತು. ನಿಮ್ಮ ಸೊಸೈಟಿಯ, ನಿಮ್ಮ ಹೋಟೆಲಿನ ಡೀಸೆಲ್ ಜನರೇಟರಿನಲ್ಲೂ ಇಂಥದೇ ಫಿಲ್ಟರ್ ಇದೆ. ಸೂರತ್ತಿನವರು 2006ರ ಆಗಸ್ಟಿನಲ್ಲಿ ತಾಪಿಯ ನೆರೆ ಕಂಡಿದ್ದೀರಿ, ವಡೋದರಾದವರು 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿಯ ನೆರೆ ಕಂಡಿದ್ದೀರಿ. ನೀರಿನಲ್ಲಿ ಮುಳುಗಿದ ಎಂಜಿನನ್ನು ಹಾಗೆಯೇ ಸ್ಟಾರ್ಟ್ ಮಾಡಬಾರದು. ಮೊದಲು ಮೆಕ್ಯಾನಿಕ್ ಕರೆಸಿ, ಟ್ಯಾಂಕಿನ ನೀರು ತೆಗೆಸಿ, ಫಿಲ್ಟರ್ ಬದಲಿಸಿ.

ಕೊನೆಯದಾಗಿ, ಊರಿನ ಮನೆಯಲ್ಲಿ ಒಂದು ಫಿಲ್ಟರ್ ಮತ್ತು ಅದರ ಓ-ರಿಂಗ್ ಯಾವಾಗಲೂ ಹೆಚ್ಚುವರಿಯಾಗಿ ಇರಲಿ. ಟ್ರ್ಯಾಕ್ಟರಿನ ಮಾಡೆಲ್ ನಂಬರ್ ಹೇಳಿ ಕೊಳ್ಳಿ, ಹಳೆಯದನ್ನೂ ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಈ ಪುಟವನ್ನು ಕತ್ತರಿಸಿ ಊರಿಗೆ ಕಳಿಸಿದರೂ ಸಂತೋಷ, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರೂ ಆದೀತು. ಮಳೆ ಬರುವ ಮೊದಲು ತಲುಪಿದರೆ ಸರಿ.