ಕೇಕ್ ಡಿಸೈನ್ ಶುರುವಾಗೋದು ವಿಳಾಸದಿಂದ

ನಾನು ಅಬ್ಬಿಗೆರೆಯಲ್ಲಿ ಮನೆಯಿಂದಲೇ ಕೇಕ್ ಮಾಡಿ ಕೊಡ್ತೀನಿ. ಆನೆ, ಬಸ್ಸು, ಕ್ರಿಕೆಟ್ ಬ್ಯಾಟು, ಹೀಗೆ ಆಕಾರ ಕೆತ್ತಿದ ಕೇಕ್‌ಗಳು. ಇವನ್ನ ಮಾಡೋದು ಹೇಗೆ ಅಂತ ತೋರಿಸೋ ವಿಡಿಯೊಗಳು ಬೇಕಾದಷ್ಟಿವೆ. ಮಾಡಿದ್ದನ್ನ ರಾತ್ರಿ ಎಲ್ಲಿಡೋದು, ಮಾರನೇ ದಿನ ಹೇಗೆ ತಲುಪಿಸೋದು ಅಂತ ಹೇಳೋರು ಕಮ್ಮಿ. ಎರಡು ದಿನದ ಕೆಲಸ ಹಾಳಾಗೋದು ಮಾತ್ರ ಅಲ್ಲೇ.

ಡಿಸೆಂಬರ್‌ನಲ್ಲಿ ಬೆಂಗಳೂರಿನ ಕೇಕ್ ಶೋ ನೋಡಿದವರು ಕೇಳ್ತಾರೆ, ‘ಅಷ್ಟು ದೊಡ್ಡ ಕೇಕ್ ವಾರಗಟ್ಟಲೆ ನಿಲ್ಲುತ್ತಲ್ಲ, ಇದ್ಯಾಕೆ ನಿಲ್ಲಲ್ಲ?’ ಅಂತ. ಅಲ್ಲಿ ನಿಂತಿರೋದು ಹೆಚ್ಚಾಗಿ ಸಕ್ಕರೆ. ಅದು ನೋಡೋಕೆ. ನಮ್ಮದು ತಿನ್ನೋಕೆ. ಒಳಗೆ ಬೆಣ್ಣೆ, ಕ್ರೀಮು, ಮೆತ್ತಗಿನ ಸ್ಪಾಂಜ್ ಇರುತ್ತೆ.

ಅದಕ್ಕೇ ಆರ್ಡರ್ ಬಂದಾಗ ನಾನು ಮೊದಲು ಕೇಳೋದು ಮೂರೇ: ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವ ಗಾಡಿಯಲ್ಲಿ. ಡಿಸೈನ್ ಆಮೇಲೆ.

ಒಂದು ಉದಾಹರಣೆ ಹೇಳ್ತೀನಿ. ಏಪ್ರಿಲ್‌ನಲ್ಲಿ ಒಂದು ಮಗುವಿನ ಮೊದಲ ಹುಟ್ಟುಹಬ್ಬ, ಹಾಲ್ ಯಲಹಂಕದಲ್ಲಿ. ‘ಅಕ್ಕಾ, ಆನೆ ನಿಂತಿರಬೇಕು, ಸೊಂಡಿಲು ಮೇಲೆತ್ತಿರಬೇಕು’ ಅಂದ್ರು ಆ ತಾಯಿ. ಇಲ್ಲಿಂದ ಗಂಗಮ್ಮನ ಗುಡಿ ಸರ್ಕಲ್, ಎಂ.ಎಸ್. ಪಾಳ್ಯ ದಾಟಿ ಹೋಗಬೇಕು. ಸಂಜೆ ಟ್ರಾಫಿಕ್, ಹಂಪ್‌ಗಳು, ಬಿಸಿಲು. ‘ಕೂತಿರೋ ಆನೆ ಮಾಡ್ಕೊಡ್ತೀನಿ ಕಣಮ್ಮ, ಸೊಂಡಿಲು ಹೊಟ್ಟೆ ಮೇಲೆ ಒರಗಿರಲಿ, ಕಿವಿ ಬೇರೆ ಡಬ್ಬಿಯಲ್ಲಿ ತಂದು ಅಲ್ಲೇ ಸಿಗಿಸ್ತೀನಿ’ ಅಂದೆ. ತೂಕವೆಲ್ಲ ಕೆಳಗೆ ಬಂತು, ಚಾಚಿಕೊಂಡ ಭಾಗ ಒಂದೂ ಉಳಿಯಲಿಲ್ಲ. ಮುರಿಯೋ ಜಾಗವನ್ನ ಕಾಗದದ ಮೇಲೇ ತೆಗೆದುಹಾಕಿದ್ರೆ ಅರ್ಧ ಕೆಲಸ ಮುಗೀತು.

ಇನ್ನು ಒಳಗಿನ ಆಧಾರ. ಅಡಿಗೆ ತೆಳು ರಟ್ಟು ಬೇಡ, ಬಾಗದ ಎಂಡಿಎಫ್ ಬೋರ್ಡ್ ಹಾಕಿ. ಬೋರ್ಡ್ ಬಾಗಿದ್ರೆ ಫಾಂಡೆಂಟ್ ಬಿರುಕು ಬಿಡುತ್ತೆ. ಎತ್ತರ ನಾಲ್ಕಿಂಚು ದಾಟಿದ್ರೆ ನಡುವೆ ಇನ್ನೊಂದು ಬೋರ್ಡ್, ಅದರ ಕೆಳಗೆ ದಪ್ಪ ಸ್ಟ್ರಾಗಳು ಕಂಬದ ಹಾಗೆ. ಹಗುರ ಸ್ಪಾಂಜ್ ಬದಲು ಗಟ್ಟಿ ಚಾಕೊಲೇಟ್ ಕೇಕ್, ವಿಪ್ಪಿಂಗ್ ಕ್ರೀಮ್ ಬದಲು ಗನಾಶ್. ಎರಡು ಪಾಲು ಡಾರ್ಕ್ ಚಾಕೊಲೇಟ್‌ಗೆ ಒಂದು ಪಾಲು ಕ್ರೀಮ್, ವೈಟ್ ಚಾಕೊಲೇಟ್ ಆದ್ರೆ ಮೂರಕ್ಕೆ ಒಂದು. ಬೇಸಿಗೆಯಲ್ಲಿ ಚಾಕೊಲೇಟ್ ಇನ್ನೂ ಸ್ವಲ್ಪ ಜಾಸ್ತಿ.

ರಾತ್ರಿ ಇಡೋ ವಿಷಯಕ್ಕೆ ಬರೋಣ. ಫ್ರಿಡ್ಜಿಂದ ತೆಗೆದ ನೀರಿನ ಬಾಟಲಿ ಬೆವರೋದು ನೋಡಿದ್ದೀರಲ್ಲ? ಕೇಕೂ ಹಾಗೇ ಬೆವರುತ್ತೆ. ಹೊರಗಿನ ಗಾಳಿಯ ತೇವ ತಣ್ಣಗಿನ ಮೈ ಮೇಲೆ ಹನಿಯಾಗಿ ಕೂರುತ್ತೆ. ಫಾಂಡೆಂಟ್ ಅಂದ್ರೆ ಸಕ್ಕರೆ, ಆ ನೀರನ್ನ ಹೀರಿ ಅಂಟಂಟಾಗುತ್ತೆ, ಬಣ್ಣ ಇಳಿಯುತ್ತೆ. ಮಳೆಗಾಲದಲ್ಲಂತೂ ಕೇಳೋದೇ ಬೇಡ. ಹಾಗಂತ ಕ್ರೀಮ್, ಹಣ್ಣು, ಕಸ್ಟರ್ಡ್ ಇರೋ ಕೇಕನ್ನ ಹೊರಗಿಡಬೇಡಿ, ಎರಡು ಗಂಟೆ ಮೀರಿದ್ರೆ ಅದು ಹೊಟ್ಟೆಗೆ ಅಪಾಯ. ದಾರಿ ಇದು: ಕೇಕನ್ನ ರಟ್ಟಿನ ಬಾಕ್ಸ್‌ನಲ್ಲಿಟ್ಟು, ಬಾಕ್ಸ್‌ಗೆ ಹೊರಗಿಂದ ಪ್ಲಾಸ್ಟಿಕ್ ಸುತ್ತಿ ಫ್ರಿಡ್ಜಿಗಿಡಿ. ತೆಗೆದ ತಕ್ಷಣ ಬಾಕ್ಸ್ ಬಿಚ್ಚಬೇಡಿ. ತೇವ ಬಾಕ್ಸ್ ಮೇಲೆ ಕೂರಲಿ, ಕೇಕ್ ಮೇಲೆ ಬೇಡ. ಬೆವರಿದ್ರೂ ಒರೆಸೋಕೆ ಹೋಗಬೇಡಿ, ಫ್ಯಾನ್ ಕೆಳಗೆ ತಾನೇ ಒಣಗುತ್ತೆ.

ಈಗ ರಸ್ತೆ. ಕೇಕ್ ಒಳಗಿನ ತನಕ ತಣ್ಣಗಾಗಿದ್ರೆ ಗಟ್ಟಿಯಾಗಿರುತ್ತೆ, ಕುಲುಕಿಗೆ ತಡೆಯುತ್ತೆ. ಕಾರಿನ ಸೀಟ್ ಮೇಲೆ ಇಡಬೇಡಿ, ಸೀಟು ಹಿಂದಕ್ಕೆ ಇಳಿಜಾರು. ತೊಡೆ ಮೇಲೂ ಬೇಡ, ಮೈ ಬಿಸಿ ತಾಗುತ್ತೆ, ಬ್ರೇಕ್ ಹಾಕಿದಾಗ ಕೈ ಓರೆಯಾಗುತ್ತೆ. ಸಮತಟ್ಟಾದ ಜಾಗ ಅಂದ್ರೆ ಡಿಕ್ಕಿ ಇಲ್ಲಾಂದ್ರೆ ಮುಂದಿನ ಸೀಟಿನ ಕೆಳಗೆ, ಕಾಲಿಡೋ ಜಾಗ. ಬಾಕ್ಸ್ ಅಡಿಗೆ ಜಾರದ ಮ್ಯಾಟ್ ಹಾಕಿ. ಹೊರಡೋಕೆ ಹದಿನೈದು ನಿಮಿಷ ಮುಂಚೆ ಎಸಿ ಹಾಕಿ. ಬೈಕ್ ಡೆಲಿವರಿಗೆ ನಾನು ಒಪ್ಪೋದೇ ಇಲ್ಲ. ಕಾರಿನ ಖರ್ಚನ್ನ ಮೊದಲೇ ಬೇರೆ ಬರೆದು ತಿಳಿಸ್ತೀನಿ, ಆಮೇಲೆ ಚೌಕಾಸಿ ಇರಲ್ಲ.

ಜೊತೆಗೆ ಒಂದು ರಿಪೇರಿ ಡಬ್ಬಿ: ಅದೇ ಬಣ್ಣದ ಫಾಂಡೆಂಟ್, ಒಂದು ಕೋನ್ ಐಸಿಂಗ್, ಬ್ರಷ್, ಚಿಕ್ಕ ಚಾಕು.

ತಲುಪಿಸಿದ ಮೇಲೆ ಟೇಬಲ್ ಮೇಲಿಟ್ಟು ಫೋಟೊ ತೆಗೆಯಿರಿ. ಅದು ನಿಮಗೂ ಅವರಿಗೂ ಸಾಕ್ಷಿ. ಆಮೇಲೆ ಅತಿ ಮುಖ್ಯವಾದದ್ದು: ಒಳಗೆ ಎಷ್ಟು ಕಡ್ಡಿ, ಎಷ್ಟು ಸ್ಟ್ರಾ ಇದೆ ಅಂತ ಚೀಟಿ ಬರೆದು ಕೊಡಿ. ಆ ಆನೆಯೊಳಗೆ ಏಳು ಇತ್ತು. ಕತ್ತರಿಸುವವರು ಏಳನ್ನೂ ಎಣಿಸಿ ತೆಗೆದ ಮೇಲೇ ತಟ್ಟೆಗೆ ಹಾಕಬೇಕು, ಯಾಕಂದ್ರೆ ಮೊದಲ ತುಂಡು ಹೋಗೋದು ಮಗುವಿನ ಬಾಯಿಗೆ.

ಇವತ್ತಿಗೆ ಇಷ್ಟು. ಮನೆಯಲ್ಲಿ ಕೇಕ್ ಮಾಡೋ ಗೆಳತಿ ಇದ್ರೆ ಅವರಿಗೂ ಕೇಳಿಸಿ.