ಅಡಿಗೆಮನೆಯಲ್ಲಿ ದೇವರ ಸನ್ನಿಧಿ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ಈ ವೇದಿಕೆಯಲ್ಲಿ ಕ್ರೈಸ್ತ ಭಕ್ತಿಯನ್ನು ಕುರಿತು ನಾಲ್ಕು ಮಾತುಗಳನ್ನಾಡುವ ಅವಕಾಶವನ್ನು ತಾವು ನನಗೆ ಕೊಟ್ಟಿರುವಿರಿ. ಇಲ್ಲಿ ನೆರೆದವರು ಬೇರೆ ಬೇರೆ ಮತಗಳಿಗೆ ಸೇರಿದವರು. ನಮ್ಮೆಲ್ಲರನ್ನೂ ಒಂದೆಡೆ ಕೂಡಿಸಿರುವುದು ಮನೆಯ ಮಾತು. ಆದಕಾರಣ ಮತತತ್ತ್ವಗಳ ಚರ್ಚೆಗೆ ನಾನು ಕೈಹಾಕುವುದಿಲ್ಲ. ದುಡಿದು ಬದುಕುವ ಸಂಸಾರಿಯಾದ ಕ್ರೈಸ್ತನು ಭಾನುವಾರದ ಆರಾಧನೆಯನ್ನು ಮುಗಿಸಿ ದೇವಾಲಯದ ಹೊಸ್ತಿಲು ದಾಟಿದ ಮೇಲೆ, ಉಳಿದ ಆರು ದಿನ ದೇವರನ್ನು ಹೇಗೆ ನೆನೆಯಬೇಕು ಎಂಬ ಒಂದೇ ಪ್ರಶ್ನೆಯನ್ನು ತಮ್ಮ ಮುಂದಿಡುತ್ತೇನೆ.

ಪೌಲನು ಥೆಸಲೋನಿಕದ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ, ಪ್ರಾರ್ಥನೆಗೆ ಬಿಡುವೆಂಬುದು ಇರಬಾರದೆಂದು ಬೋಧಿಸಿದ್ದಾನೆ. ಈ ಮಾತನ್ನು ಕೇಳಿದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಉತ್ತರವೆಂದರೆ, “ನಮಗೆ ಪುರುಸೊತ್ತೆಲ್ಲಿದೆ?” ಎಂಬುದು. ಈ ಉತ್ತರದಲ್ಲಿ ಸುಳ್ಳೇನೂ ಇಲ್ಲ. ನಸುಕಿನಲ್ಲೆದ್ದು ಒಲೆ ಹೊತ್ತಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಹಾಸಿಗೆ ಹಿಡಿದ ಅತ್ತೆಯವರಿಗೆ ಗಂಜಿ ಕುಡಿಸಿ, ಮತ್ತೆ ಒಲೆಯ ಮುಂದೆ ನಿಲ್ಲುವ ತಾಯಿಗೆ ಮೊಣಕಾಲೂರಿ ಕುಳಿತುಕೊಳ್ಳುವ ಕಾಲವೆಲ್ಲಿ? ಅಂಗಡಿಯ ಗಲ್ಲೆಯ ಮುಂದೆ ಕುಳಿತವನಿಗೂ, ಕಚೇರಿಯಲ್ಲಿ ಕಡತಗಳ ನಡುವೆ ತಲೆ ಬಾಗಿಸಿದವನಿಗೂ ಇದೇ ಕಷ್ಟ. ದೇವರ ಸಾನ್ನಿಧ್ಯವು ಬಿಡುವುಳ್ಳವರಿಗೆ ಮಾತ್ರ ದೊರೆಯುವ ವಸ್ತುವಾದರೆ, ಮನುಷ್ಯಕುಲದಲ್ಲಿ ಬಹುಜನರು ಅದರ ಹೊರಗೆ ನಿಲ್ಲಬೇಕಾದೀತು. ಹಾಗಾಗಲಾರದೆಂಬುದಕ್ಕೆ ಸಾಕ್ಷಿಯಾಗಿ ಒಬ್ಬ ಅಡಿಗೆಯವನ ಜೀವನವನ್ನು ತಮಗೆ ಪರಿಚಯ ಮಾಡಿಕೊಡುವೆನು.

ಆತನ ಹುಟ್ಟುಹೆಸರು ನಿಕೊಲಾ ಎರ್ಮನ್. ಸುಮಾರು 1614ರಲ್ಲಿ ಲೊರೇನ್ ಸೀಮೆಯ ಒಂದು ಹಳ್ಳಿಯಲ್ಲಿ ಜನಿಸಿದನು. ಆ ಸೀಮೆ ಈಗ ಫ್ರಾನ್ಸ್ ದೇಶಕ್ಕೆ ಸೇರಿದೆ. ಬಡವರ ಮಗ, ದೊಡ್ಡ ವಿದ್ಯಾಭ್ಯಾಸವಾಗಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಚಳಿಗಾಲದ ದಿನ ಎಲೆಯುದುರಿ ಬೋಳಾಗಿದ್ದ ಮರವೊಂದನ್ನು ಕಂಡನು. ಸ್ವಲ್ಪ ಕಾಲದಲ್ಲೇ ಇದು ಮತ್ತೆ ಚಿಗುರಿ ಹೂಬಿಟ್ಟು ಹಣ್ಣಾಗುವುದಲ್ಲಾ ಎಂಬ ಯೋಚನೆ ಬಂದು, ದೇವರ ಶಕ್ತಿಯೂ ಪಾಲನೆಯೂ ಆತನ ಮನಸ್ಸಿನಲ್ಲಿ ಅಳಿಯದಂತೆ ನಾಟಿದವು. ಮೂವತ್ತು ವರ್ಷಗಳ ಯುದ್ಧವೆಂದು ಚರಿತ್ರೆಯಲ್ಲಿ ಹೆಸರಾದ, 1618ರಿಂದ 1648ರವರೆಗೆ ಯೂರೋಪನ್ನು ಸುಟ್ಟ ಆ ಕದನದಲ್ಲಿ ಸಿಪಾಯಿಯಾಗಿ ಗಾಯಗೊಂಡು ಕುಂಟನಾದನು. ಅನಂತರ ಒಬ್ಬ ಶ್ರೀಮಂತನ ಮನೆಯಲ್ಲಿ ಆಳಾಗಿದ್ದನು. ಮುಟ್ಟಿದ್ದನ್ನೆಲ್ಲ ಒಡೆದುಹಾಕುವ ಒರಟುಗೈಯವನು ತಾನೆಂದು ಆತನೇ ಹೇಳಿಕೊಂಡಿದ್ದುಂಟು. 1640ರಲ್ಲಿ ಪ್ಯಾರಿಸ್ ನಗರದಲ್ಲಿ ಬರಿಗಾಲಿನ ಕಾರ್ಮೆಲ್ ಸಂನ್ಯಾಸಿಗಳ ಮಠವನ್ನು ಸೇರಿ, ಸಹೋದರ ಲಾರೆನ್ಸ್ ಎಂಬ ಹೆಸರನ್ನು ಪಡೆದನು. ಪಾದ್ರಿಯಾಗುವಷ್ಟು ವಿದ್ಯೆಯಿಲ್ಲದ ಆತನಿಗೆ ಮಠದವರು ಒಪ್ಪಿಸಿದ ಕೆಲಸ ಅಡಿಗೆಮನೆಯದು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಡಿಗೆಯ ಕೆಲಸವೆಂದರೆ ಲಾರೆನ್ಸನಿಗೆ ಸ್ವಭಾವತಃ ಬೇಸರ. ಇಷ್ಟವಿಲ್ಲದ ಆ ಕೆಲಸವನ್ನೇ ಸುಮಾರು ಹದಿನೈದು ವರ್ಷ ಮಾಡಿದನು. ಕಾಲು ಬಲಹೀನವಾದ ಮೇಲೆ ಕುಳಿತು ಮಾಡುವ ಕೆಲಸವೆಂದು ಮಠದವರ ಪಾದರಕ್ಷೆಗಳನ್ನು ರಿಪೇರಿ ಮಾಡುತ್ತಿದ್ದನು. ಒಮ್ಮೆ ಮಠಕ್ಕೆ ಬೇಕಾದ ದ್ರಾಕ್ಷಾರಸವನ್ನು ಕೊಂಡು ತರಲು ಬರ್ಗಂಡಿ ಪ್ರಾಂತಕ್ಕೆ ಕಳುಹಿಸಿದರು. ವ್ಯಾಪಾರದ ಜಾಣತನವೂ ಇಲ್ಲ, ಕಾಲಿನಲ್ಲಿ ತ್ರಾಣವೂ ಇಲ್ಲ. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಅತ್ತಿತ್ತ ಹೋಗಬೇಕಾಗಿತ್ತು. ಆದರೂ, ಸ್ವಾಮೀ, ಇದು ನಿನ್ನ ಕೆಲಸವೆಂದು ದೇವರಿಗೆ ಒಪ್ಪಿಸಿ ಹೊರಟನೆಂದೂ, ಹೋದ ಕಾರ್ಯವು ಚೆನ್ನಾಗಿಯೇ ನಡೆಯಿತೆಂದೂ ಹೇಳಿದ್ದಾನೆ.

ಜೋಸೆಫ್ ದ ಬೋಫೋರ್ ಎಂಬ ಪಾದ್ರಿಯು 1666ರಲ್ಲಿ ಲಾರೆನ್ಸನನ್ನು ಕಂಡು, ಆತನೊಡನೆ ನಡೆದ ಸಂಭಾಷಣೆಗಳನ್ನು ಬರೆದಿಟ್ಟನು. ಲಾರೆನ್ಸನು 1691ರ ಫೆಬ್ರವರಿ 12ರಂದು ತೀರಿಕೊಂಡ ಮೇಲೆ ಆ ಸಂಭಾಷಣೆಗಳೂ ಆತನ ಕೆಲವು ಪತ್ರಗಳೂ ಅಚ್ಚಾದವು. ಆತನು ಕ್ಯಾಥೋಲಿಕ್ ಸಂನ್ಯಾಸಿ. ಆದರೆ ಆ ಸಣ್ಣ ಪುಸ್ತಕವನ್ನು ಪ್ರಾಟೆಸ್ಟೆಂಟರೂ ಅಷ್ಟೇ ಪ್ರೀತಿಯಿಂದ ಓದುತ್ತ ಬಂದಿದ್ದಾರೆ.

ಆತನ ಉಪದೇಶದ ಸಾರವಿಷ್ಟೇ. ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಎಂಬ ಭೇದ ಬೇಡ. ಬಾಣಲೆಯಲ್ಲಿ ಬೇಯುವುದನ್ನು ಮಗುಚಿಹಾಕುವಾಗಲೂ ದೇವರ ಪ್ರೀತಿಗೋಸ್ಕರವೇ ಮಗುಚಬಹುದು. ನೆಲದ ಮೇಲಿನ ಹುಲ್ಲುಕಡ್ಡಿಯನ್ನು ಎತ್ತುವಾಗಲೂ ಆತನಿಗಾಗಿಯೇ ಎತ್ತಬಹುದು. ಕೆಲಸವನ್ನು ಆರಂಭಿಸುವಾಗ ಸಹಾಯವನ್ನು ಬೇಡುವುದು, ನಡುವೆ ಆತನೊಡನೆ ಸರಳವಾಗಿ ಮಾತನಾಡುವುದು, ಮುಗಿದಾಗ ವಂದಿಸುವುದು, ಇಷ್ಟೇ ಆತನ ಸಾಧನೆ. ದುಡಿಮೆಯನ್ನು ಕಾಯಕವೆಂದು ಕರೆದು ಗೌರವಿಸಿದ 12ನೆಯ ಶತಮಾನದ ಶರಣರ ನಾಡಿನ ನುಡಿಯನ್ನಾಡುವ ನಮಗೆ ಈ ಅಡಿಗೆಯವನು ತೀರ ಪರಕೀಯನೆನಿಸಲಾರನು. ಎರಡು ಮಾರ್ಗಗಳ ತಾತ್ತ್ವಿಕ ನೆಲೆ ಬೇರೆಬೇರೆಯಾದುದು ನಿಜ. ಕೈಕೆಲಸವನ್ನು ಕೀಳೆಂದೆಣಿಸದ ಮನೋಭಾವ ಮಾತ್ರ ಎರಡರಲ್ಲಿಯೂ ಉಂಟು.

ಇದು ಒಂದೇ ದಿನದಲ್ಲಿ ಕೈಗೂಡಿತೆಂದು ಯಾರೂ ತಿಳಿಯಬಾರದು. ಮಠವನ್ನು ಸೇರಿದ ಮೇಲೆ ಮೊದಲ ಹತ್ತು ವರ್ಷ ಆತನ ಮನಸ್ಸು ಬಹಳ ತೊಳಲಿತು. ನೆನಪು ತಪ್ಪಿಹೋಗುತ್ತಿತ್ತು, ಮನಸ್ಸು ಎಲ್ಲೆಲ್ಲಿಯೋ ಅಲೆಯುತ್ತಿತ್ತು. ಆಗ ಆತನು ಕಂಡುಕೊಂಡ ಉಪಾಯವೇ ನಮಗೆ ಹೆಚ್ಚು ಬೆಲೆಯುಳ್ಳದ್ದು. ಮರೆತೆನೆಂದು ತಿಳಿದಾಗ ಅದನ್ನೇ ದೊಡ್ಡದು ಮಾಡಿ ಕೊರಗದೆ, ದೇವರ ಮುಂದೆ ಒಪ್ಪಿಕೊಂಡು, ಮತ್ತೆ ಕೆಲಸಕ್ಕೆ ತೊಡಗುವುದು. ನಡೆಯಲು ಕಲಿಯುವ ಮಗು ಬಿದ್ದಾಗ ತಾಯಿ ಅದರ ಬೀಳುಗಳನ್ನು ಲೆಕ್ಕವಿಡುವುದಿಲ್ಲ, ಎತ್ತಿ ನಿಲ್ಲಿಸುತ್ತಾಳೆ. ತಾಯಿಗೆ ಇರುವ ತಾಳ್ಮೆ ತಂದೆಯಾದ ದೇವರಿಗೆ ಇಲ್ಲದೆ ಹೋದೀತೇ?

ಇಲ್ಲಿ ಒಂದು ಆಕ್ಷೇಪವೆದ್ದೀತು. ಲೂಕನ ಸುವಾರ್ತೆಯಲ್ಲಿ, ಯೇಸುವಿನ ಪಾದದ ಬಳಿ ಕುಳಿತು ಉಪದೇಶ ಕೇಳಿದ ಮರಿಯಳಿಗೆ ಮೆಚ್ಚುಗೆಯೂ, ಉಪಚಾರದಲ್ಲಿ ಮುಳುಗಿದ್ದ ಮಾರ್ಥಳಿಗೆ ಆಕ್ಷೇಪಣೆಯೂ ದೊರೆತವಲ್ಲವೇ ಎಂದು ಕೇಳಬಹುದು. ಆ ಕಥೆಯನ್ನು ನಿಧಾನವಾಗಿ ಓದಬೇಕು. ಮಾರ್ಥಳು ಅಡಿಗೆ ಮಾಡಿದ್ದಕ್ಕೆ ಸ್ವಾಮಿಯು ಗದರಿಸಲಿಲ್ಲ. ಹಲವು ಚಿಂತೆಗಳಲ್ಲಿ ಸಿಕ್ಕಿ ಕಳವಳಗೊಂಡದ್ದನ್ನು ಮಾತ್ರ ತೋರಿಸಿಕೊಟ್ಟನು. ಆಕೆಯ ಕೈಯಲ್ಲಿ ಕೆಲಸವಿದ್ದುದು ದೋಷವಲ್ಲ. ತಂಗಿಯ ಮೇಲಿನ ಅಸಮಾಧಾನವು ಮನಸ್ಸನ್ನು ತುಂಬಿ, ಮನೆಗೆ ಬಂದ ಅತಿಥಿಯೇ ಮರೆತುಹೋದದ್ದು ದೋಷ. ಅದೇ ಸ್ವಾಮಿಯು ಪುನರುತ್ಥಾನದ ತರುವಾಯ, ರಾತ್ರಿಯೆಲ್ಲ ಬಲೆ ಬೀಸಿ ದಣಿದ ಶಿಷ್ಯರಿಗಾಗಿ ತಿಬೇರಿಯ ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನನ್ನಿಟ್ಟು, ರೊಟ್ಟಿಯನ್ನು ಸಿದ್ಧಮಾಡಿ ಊಟಕ್ಕೆ ಕರೆದನೆಂದು ಯೋಹಾನನು ಬರೆದಿದ್ದಾನೆ. ಮರಣವನ್ನು ಗೆದ್ದು ಬಂದವನು ಶಿಷ್ಯರಿಗೆ ಬೆಳಗಿನ ಊಟವನ್ನು ಸಿದ್ಧಮಾಡಿದನು. ಇದಾದ ಮೇಲೆ ಒಲೆಯ ಮುಂದಿನ ಕೆಲಸವನ್ನು ಅಲ್ಪವೆನ್ನುವ ಧೈರ್ಯ ಯಾರಿಗಿದೆ?

ದೇವರ ಸ್ಮರಣೆ ಹೆಚ್ಚಿದರೆ ಮನುಷ್ಯನು ಜನರಿಂದ ದೂರವಾಗುವನೆಂಬ ಸಂದೇಹವೂ ಕೆಲವರಲ್ಲುಂಟು. ಇದಕ್ಕೆ ಇಪ್ಪತ್ತನೆಯ ಶತಮಾನದ ಒಬ್ಬರ ಅನುಭವವೇ ಉತ್ತರ. 1884ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಫ್ರಾಂಕ್ ಲಾಬಾಕ್ ಎಂಬ ಮಿಷನರಿಯವರು 1930ರಲ್ಲಿ ಫಿಲಿಪೀನ್ಸ್ ದ್ವೀಪಗಳ ಪೈಕಿ ಮಿಂದನಾವೊದಲ್ಲಿ, ಈಗ ಮರಾವಿ ಎಂದು ಹೆಸರಾದ ಊರಿನಲ್ಲಿ, ಮರನಾವೊ ಮುಸ್ಲಿಮರ ನಡುವೆ ಇದ್ದರು. ಅಲ್ಲಿಯ ಜನಕ್ಕೆ ಅವರಲ್ಲಿ ನಂಬಿಕೆಯಿರಲಿಲ್ಲ. ಅವರಿಗೂ ಒಳಗೊಳಗೇ ತಾನು ಮೇಲಿನವನೆಂಬ ಭಾವನೆಯಿತ್ತೆಂದು ಅವರೇ ಬರೆದುಕೊಂಡಿದ್ದಾರೆ. ದಿನದ ಪ್ರತಿಯೊಂದು ನಿಮಿಷದಲ್ಲಿಯೂ ಒಮ್ಮೆ ದೇವರನ್ನು ನೆನೆಯುವ ಪ್ರಯತ್ನವನ್ನು ಅವರು ಕೈಕೊಂಡರು. ಅದರ ಫಲವೇನು? ಆ ಜನರ ಧರ್ಮಗುರುಗಳ ಬಳಿಗೆ ಹೋಗಿ ಅವರ ಧರ್ಮಗ್ರಂಥವನ್ನು ತಮಗೆ ಕಲಿಸಬೇಕೆಂದು ಕೇಳಿದರು. ಅವರ ಮಾತನ್ನು ಕಲಿತು, ಅದನ್ನು ಓದಿಬರೆಯಲು ಸುಲಭವಾದ ಪಾಠಗಳನ್ನು ರಚಿಸಿದರು. ಕಲಿತ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಕಲಿಸಬೇಕೆಂಬ ಅಲ್ಲಿಯ ಪದ್ಧತಿ ಮುಂದೆ ಲೋಕದ ಅನೇಕ ದೇಶಗಳ ಸಾಕ್ಷರತೆಯ ಕಾರ್ಯಕ್ಕೆ ಮಾದರಿಯಾಯಿತು. 1970ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕೆಲಸವನ್ನು ಬಿಡಲಿಲ್ಲ. ದೇವರನ್ನು ನೆನೆದವನು ನೆರೆಯವನ ನುಡಿಯನ್ನು ಗೌರವಿಸಲು ಕಲಿತನು. ಗಡಿನಾಡಿನಲ್ಲಿರುವ ನಾವು ಈ ಮಾತನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು.

ಇನ್ನು ನಮ್ಮ ಮನೆಗಳಲ್ಲಿ ಇದನ್ನು ಆಚರಿಸುವ ಬಗೆ. ಮೊದಲನೆಯದಾಗಿ, ದಿನವೂ ತಪ್ಪದೆ ಮಾಡುವ ಎರಡು ಮೂರು ಕೆಲಸಗಳನ್ನು ಆರಿಸಿಕೊಂಡು, ಅವುಗಳಿಗೆ ದೇವರ ನೆನಪನ್ನು ಗಂಟುಹಾಕಿಕೊಳ್ಳಬೇಕು. ಒಲೆ ಹೊತ್ತಿಸುವುದು, ಅಂಗಡಿಯ ಬಾಗಿಲು ತೆರೆಯುವುದು, ಬಸ್ಸು ಹತ್ತುವುದು ಇಂಥವು. ಎರಡನೆಯದಾಗಿ, ಆ ಹೊತ್ತಿನ ಪ್ರಾರ್ಥನೆ ಚಿಕ್ಕದಾಗಿರಲಿ, ತಾಯಿನುಡಿಯಲ್ಲಿರಲಿ; ತಂದೆಯೊಡನೆ ಮಕ್ಕಳು ಆಡುವಂಥ ಮಾತಾಗಿರಲಿ. ಮೂರನೆಯದಾಗಿ, ಸಿಟ್ಟಿನಿಂದ ಉತ್ತರ ಕೊಡುವ ಮುನ್ನ, ತಕ್ಕಡಿ ಹಿಡಿಯುವ ಮುನ್ನ, ಲೆಕ್ಕಕ್ಕೆ ಸಹಿ ಹಾಕುವ ಮುನ್ನ ಒಂದು ಕ್ಷಣ ನಿಲ್ಲಬೇಕು. ದೇವರು ಎದುರಿಗಿದ್ದಾನೆಂದು ತಿಳಿದವನ ತೂಕ ಕಡಿಮೆಯಾಗಲಾರದು. ಹಾಗೂ ಕಡಿಮೆಯಾದರೆ ಆತನ ಸ್ಮರಣೆ ನಾಲಗೆಯ ಮೇಲಿನದು ಮಾತ್ರವೆಂದು ತಿಳಿಯಬೇಕು. ಸ್ಮರಣೆಯ ನೆಪದಿಂದ ಕೆಲಸವನ್ನು ಕೆಡಿಸುವುದೂ ಸಲ್ಲದು. ಅನ್ನ ಸೀದುಹೋದ ಪಾತ್ರೆ ಭಕ್ತಿಯ ಗುರುತಲ್ಲ.

ಹೀಗೆಂದ ಮಾತ್ರಕ್ಕೆ ಭಾನುವಾರದ ಆರಾಧನೆ ಬೇಡವೆಂದು ಯಾರೂ ಭಾವಿಸಬಾರದು. ಲಾರೆನ್ಸನೂ ಮಠದ ನಿಯಮಿತ ಪ್ರಾರ್ಥನೆಗಳನ್ನು ಬಿಟ್ಟವನಲ್ಲ. ಭಾನುವಾರ ಸಭೆಯೊಡನೆ ಹಾಡಿದ್ದು ಸೋಮವಾರ ಅಡಿಗೆಮನೆಯಲ್ಲಿ ತಾನಾಗಿಯೇ ಬಾಯಿಗೆ ಬರುವಂತಾದರೆ ಆರಾಧನೆ ಸಾರ್ಥಕವಾಯಿತು.

ಕೊನೆಗೆ ಒಂದು ಮಾತು. ಪೇಟೆಯಲ್ಲಿಯೂ ಕಚೇರಿಯಲ್ಲಿಯೂ ಬೇರೆ ನುಡಿಗಳನ್ನಾಡುತ್ತ, ಕನ್ನಡವನ್ನು ಮನೆಯಲ್ಲಿ ಕಾಪಾಡಿಕೊಂಡು ಬಂದವರು ತಾವು. ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವುದರಿಂದ ನುಡಿಯೊಂದು ಬಾಳಲಾರದೆಂಬುದನ್ನು ತಮಗೆ ಬೇರೆಯವರು ಹೇಳಬೇಕಾಗಿಲ್ಲ. ಅದು ಬಾಳುವುದು ತಾಯಿ ಮಗುವನ್ನು ಊಟಕ್ಕೆ ಕರೆಯುವ ಮಾತಿನಲ್ಲಿ, ಅಣ್ಣತಮ್ಮಂದಿರ ಜಗಳದಲ್ಲಿ, ಅಜ್ಜಿಯ ಕಥೆಯಲ್ಲಿ. ದೈವಭಕ್ತಿಯ ಸ್ಥಿತಿಯೂ ಹಾಗೆಯೇ. ವಾರಕ್ಕೊಮ್ಮೆ ಹೊಸ ಬಟ್ಟೆ ತೊಟ್ಟು ಹೊರಡುವ ಭಕ್ತಿ ಮಕ್ಕಳ ಕಾಲಕ್ಕೆ ಉಳಿಯಲಾರದು. ತಾಯಿ ಅಕ್ಕಿ ತೊಳೆಯುತ್ತ ದೇವರೊಡನೆ ಮಾತನಾಡುವುದನ್ನು ಕೇಳಿ ಬೆಳೆದ ಮಗುವು ಆ ಮಾತನ್ನೂ ಆ ದೇವರನ್ನೂ ಒಟ್ಟಿಗೇ ಕಲಿಯುತ್ತದೆ. ಎರಡನ್ನೂ ಅದು ಸುಲಭವಾಗಿ ಮರೆಯಲಾರದು.