ಆಂಗ್ಲರ ಹಳೆಯ ವಾಡೆಗಳನ್ನು ನೋಡಹೊರಟವರಿಗೆ

(ಬೇಸಗೆಯ ಅಭ್ಯಾಸಪ್ರವಾಸಕ್ಕೆ ಹೊರಟ ವಿದ್ಯಾರ್ಥಿಗಳ ಬೀಳ್ಕೊಡುಗೆಯ ಸಭೆಯಲ್ಲಿ ಮಾಡಿದ ಭಾಷಣ)



ಈ ಬೇಸಗೆಯ ಬಿಡುವಿನಲ್ಲಿ ನೀವು ಹನ್ನೆರಡು ಜನರು ಇಂಗ್ಲಂಡದ ಪುರಾತನ ಗೃಹಗಳನ್ನು ಅಭ್ಯಾಸ ಮಾಡಲು ಹೊರಟಿರುವಿರೆಂದು ಕೇಳಿ ನನಗೆ ಪರಮಾನಂದವಾಯಿತು. ಹೊರಡುವ ಮುನ್ನ ನಾಲ್ಕು ಮಾತುಗಳನ್ನು ಹೇಳಬೇಕೆಂದು ನಿಮ್ಮ ಗುರುಗಳು ಅಪ್ಪಣೆ ಮಾಡಿದ್ದಾರೆ. ನಾನು ಶಿಲ್ಪಶಾಸ್ತ್ರವನ್ನು ಓದಿದವನಲ್ಲ. ಆಸ್ತಿಯ ವ್ಯಾಜ್ಯಗಳಲ್ಲಿ ಕೂದಲು ನರೆಯಿಸಿಕೊಂಡ ವಕೀಲನು. ಆದುದರಿಂದ ಕಂಬ ಕಮಾನುಗಳ ಸೊಬಗಿನ ವಿಚಾರವನ್ನು ಬಲ್ಲವರಿಗೆ ಬಿಟ್ಟು, ಆ ಮನೆಗಳು ಯಾರ ಹಣದಿಂದ ಎದ್ದವು, ಯಾವ ಕಾಯಿದೆಯಿಂದ ಉಳಿದವು, ಯಾವ ಕಾಯಿದೆಯಿಂದ ಉರುಳಿದವು ಎಂಬುದನ್ನೇ ಹೆಚ್ಚಾಗಿ ಹೇಳುವೆನು. ಬೇಸರವಾದರೆ ಕ್ಷಮಿಸಬೇಕು.

ಮೊದಲು ಒಂದು ಮಾತು. ಅಲ್ಲಿ ‘ಹೌಸ್’ ಎಂದು ಕರೆಯುವುದು ನಮ್ಮ ತೊಲೆಬಾಗಿಲಿನ ಮನೆಯಂಥದಲ್ಲ. ನಮ್ಮ ಕಡೆಯ ದೇಸಾಯರ ವಾಡೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಅದರ ಸುತ್ತಣ ಹುಡೆಗೋಡೆಯನ್ನು ಕಳೆದು, ಕಣ್ಣು ಹರಿಯುವವರೆಗೆ ಹುಲ್ಲುಗಾವಲನ್ನೂ ಕೆರೆಯನ್ನೂ ಕೂಡಿಸಿ, ಒಳಗೆ ನೂರಾರು ಚಿತ್ರಪಟಗಳನ್ನು ತೂಗುಹಾಕಿದರೆ ಹತ್ತಿರ ಹತ್ತಿರ ಅದರ ಕಲ್ಪನೆ ಬಂದೀತು. ನಾನು ಅವುಗಳನ್ನು ವಾಡೆಗಳೆಂದೇ ಕರೆಯುವೆನು.

ಇಂಥ ವಾಡೆಗಳನ್ನು ಕಣ್ಣಾರೆ ಕಂಡು ಕಲಿಯಬೇಕೆಂಬ ಪದ್ಧತಿಯು ಬಹಳ ಹಳೆಯದಲ್ಲ. ಶ್ರಾಪ್‌ಶೈರ್ ಪ್ರಾಂತದ ಅಟಿಂಗಮ್ ಎಂಬ ವಾಡೆಯಲ್ಲಿ 1952ರಲ್ಲಿ ಸರ್ ಜಾರ್ಜ್ ಟ್ರೆವೆಲ್ಯನ್ ಮತ್ತು ಹೆಲೆನ್ ಲೋವೆಂಥಾಲ್ ಎಂಬವರು ಒಂದು ಬೇಸಗೆಯ ಶಾಲೆಯನ್ನು ತೆರೆದರು. ಕೋಣೆಯಲ್ಲಿ ಕುಳಿತು ಪಟಗಳನ್ನು ನೋಡುವ ಬದಲು, ಎರಡು ಮೂರು ವಾರಗಳ ಕಾಲ ಒಂದು ವಾಡೆಯಿಂದ ಇನ್ನೊಂದಕ್ಕೆ ಹೋಗಿ, ಕುರ್ಚಿಯ ಕಾಲನ್ನು ಬಗ್ಗಿ ನೋಡಿ, ಗಾರೆಯ ಕೆಲಸವನ್ನು ಕತ್ತೆತ್ತಿ ನೋಡಿ ಕಲಿಯುವುದು ಅದರ ಕ್ರಮ. ಆ ಅಟಿಂಗಮ್ ವಾಡೆಯ ಕಥೆಯೇ ಒಂದು ಪಾಠವಾಗಿದೆ. 1780ರ ದಶಕದಲ್ಲಿ ಮೊದಲನೆಯ ಲಾರ್ಡ್ ಬೆರಿಕ್ ಅದನ್ನು ಕಟ್ಟಿಸಿದನು. ಎರಡನೆಯವನು ಜಾನ್ ನ್ಯಾಶ್‌ನೆಂಬ ಪ್ರಸಿದ್ಧ ಶಿಲ್ಪಿಯಿಂದ ಕಬ್ಬಿಣದ ಚೌಕಟ್ಟಿಗೆ ಗಾಜು ಹೊದಿಸಿದ ಚಿತ್ರಶಾಲೆಯನ್ನು ಮಾಡಿಸಿದನು. ಮಾಡು ಆರಂಭದಿಂದಲೇ ಸೋರಿತು, ದುಂದಿನಿಂದ ಯಜಮಾನನ ಬೊಕ್ಕಸವೂ ಸೋರಿತು. 1827ರಲ್ಲಿ ವಾಡೆಯೊಳಗಿನ ಸಾಮಾನುಗಳೆಲ್ಲ ಹರಾಜಿಗೆ ಬಂದವು. ಎಂಟನೆಯ ಲಾರ್ಡ್ ಬೆರಿಕ್ 1947ರಲ್ಲಿ ತೀರಿಕೊಂಡಾಗ ಅದನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಮೃತ್ಯುಪತ್ರದಿಂದ ಬಿಟ್ಟುಹೋದನು.

ಈಗ ಕಾಯಿದೆಗೆ ಬರುವೆನು. ಅಷ್ಟು ದೊಡ್ಡ ವಾಡೆಯು ಏಳೆಂಟು ತಲೆಮಾರು ಒಡೆಯದೆ ನಿಂತದ್ದು ಹೇಗೆ? ಜ್ಯೇಷ್ಠಾಧಿಕಾರದಿಂದ. ಹಿರಿಯ ಮಗನಿಗೆ ಎಲ್ಲವೂ, ಕಿರಿಯರಿಗೆ ಸೈನ್ಯವೋ, ಚರ್ಚೋ, ಇಲ್ಲವೆ ನಮ್ಮ ದೇಶದಲ್ಲೊಂದು ಉದ್ಯೋಗವೋ! ಹಿರಿಯನಿಗಾದರೂ ಆಸ್ತಿಯನ್ನು ಅನುಭವಿಸುವ ಹಕ್ಕೇ ಹೊರತು ಮಾರುವ ಹಕ್ಕಿರಲಿಲ್ಲ; ಹಾಗೆ ಕಾಗದಪತ್ರಗಳಲ್ಲಿ ಕಟ್ಟುಹಾಕುತ್ತಿದ್ದರು. 1882ರ ಕಾಯಿದೆಯು ಆ ಕಟ್ಟನ್ನು ಸಡಿಲಿಸಿ ಭೂಮಿಯನ್ನು ಮಾರಲು ಅವಕಾಶ ಕೊಟ್ಟಿತು. 1894ರಲ್ಲಿ ಮರಣಕರ ಬಂದಿತು. ಹತ್ತು ಲಕ್ಷ ಪೌಂಡು ಮೀರಿದ ಆಸ್ತಿಗೂ ಆಗ ನೂರಕ್ಕೆ ಎಂಟೇ. 1950ರ ಹೊತ್ತಿಗೆ ಅದು ನೂರಕ್ಕೆ ಎಂಬತ್ತಾಯಿತು. ಮಗನ ಹೆಸರಿಗೆ ಆಸ್ತಿಯನ್ನು ಬಿಟ್ಟುಕೊಟ್ಟು ಐದು ವರ್ಷ ಬದುಕಿದರೆ ಕರವಿಲ್ಲವೆಂದು ನಿಯಮವಿತ್ತು. ಡೆವನ್‌ಶೈರಿನ ಹತ್ತನೆಯ ಡ್ಯೂಕನು ಹಾಗೆಯೇ ಮಾಡಿ, ಐದು ವರ್ಷ ತುಂಬಲು ಕೆಲವೇ ತಿಂಗಳು ಉಳಿದಿರುವಾಗ, 1950ರ ನವೆಂಬರಿನಲ್ಲಿ ತೀರಿಕೊಂಡನು. ಆ ಕರಕ್ಕಾಗಿ ಕೈಬಿಟ್ಟ ಸೊತ್ತುಗಳಲ್ಲಿ ಹಾರ್ಡ್‌ವಿಕ್ ವಾಡೆಯೂ ಒಂದು.

ಹಾರ್ಡ್‌ವಿಕ್ಕನ್ನು ನೀವು ಅವಶ್ಯವಾಗಿ ನೋಡಬೇಕು. ನಾಲ್ಕು ಸಲ ಮದುವೆಯಾಗಿ, ಪ್ರತಿಯೊಂದು ಸಲವೂ ಹೆಚ್ಚು ಸಿರಿವಂತಳಾದ ಎಲಿಜಬೆತ್ ಎಂಬ ಶ್ರೂಸ್‌ಬರಿಯ ಕೌಂಟೆಸ್ಸಳು 1590ರಿಂದ 1597ರವರೆಗೆ ರಾಬರ್ಟ್ ಸ್ಮಿತ್ಸನ್‌ನ ನಕಾಶೆಯಂತೆ ಅದನ್ನು ಕಟ್ಟಿಸಿದಳು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಗೋಡೆಗಿಂತ ಕಿಟಕಿಗಳೇ ಹೆಚ್ಚೆನಿಸುವಂತೆ ಮಾಡಿಸಿ, ಗೋಪುರಗಳ ನೆತ್ತಿಯ ಮೇಲೆ ತನ್ನ ಹೆಸರಿನ ಆದ್ಯಕ್ಷರಗಳನ್ನು ಕಲ್ಲಿನಲ್ಲಿ ಕೊರೆಯಿಸಿದಳು. ವಿನಯವೆಂಬುದು ಆಕೆಯ ಗುಣವಾಗಿರಲಿಲ್ಲ. ಆದರೂ ಆ ಕಿಟಕಿಗಳ ಮೇಲೆ ಸಂಜೆಯ ಬಿಸಿಲು ಬಿದ್ದಾಗ ನಿಮಗೆ ಆಕೆಯ ಮೇಲೆ ಸಿಟ್ಟು ಬರಲಾರದು.

ಇಲ್ಲಿ ಮನಸ್ಸಿನ ಒಂದು ಭಾರವನ್ನು ಇಳಿಸಿಕೊಳ್ಳುವೆನು. ನಮ್ಮ ಮಿತಾಕ್ಷರದಂತೆ ಗಂಡುಮಕ್ಕಳಿಗೆಲ್ಲ ಹುಟ್ಟಿನಿಂದಲೇ ಸಮಪಾಲಿನ ಹಕ್ಕಿತ್ತು; ದೇಶದ ಹೆಣ್ಣುಮಕ್ಕಳಿಗೆಲ್ಲ ಆ ಹಕ್ಕು ಬರಲು 2005ರ ತಿದ್ದುಪಡಿಯೇ ಬೇಕಾಯಿತು. ಜ್ಯೇಷ್ಠಾಧಿಕಾರಕ್ಕಿಂತ ನಮ್ಮ ನೀತಿಯೇ ನ್ಯಾಯವಾದದ್ದೆಂದು ನಾನು ಇಂದಿಗೂ ಹೇಳುವೆನು. ಆದರೆ ನಾನೇ ನಡೆಯಿಸಿದ ಒಂದು ವಾಟಣಿಯ ದಾವೆಯಲ್ಲಿ ಐವರು ಅಣ್ಣತಮ್ಮಂದಿರಿಗೆ ಒಂದು ವಾಡೆಯನ್ನು ಹಂಚಬೇಕಾಯಿತು. ಪಡಸಾಲೆಯ ನಟ್ಟನಡುವೆ ಇಟ್ಟಿಗೆಯ ಗೋಡೆ ಎದ್ದಿತು. ಕೆತ್ತನೆಯ ಬಾಗಿಲುವಾಡಗಳನ್ನು ಕಿತ್ತು ಹಳೆಯ ಸಾಮಾನಿನ ವ್ಯಾಪಾರಿಗೆ ತೂಕದ ಕಟ್ಟಿಗೆಯಂತೆ ಮಾರಿದರು. ಗೋಡೆಯ ಗೆರೆಯನ್ನು ಎಳೆದ ನಕಾಶೆಯನ್ನು ಕೋರ್ಟಿಗೆ ಹಾಜರು ಮಾಡಿದವನು ನಾನೇ. ಕಕ್ಷಿದಾರನು ಗೆದ್ದನು; ನನಗೆ ಫೀಯೂ ಬಂದಿತು. ಅಂದಿನಿಂದ ಆ ಊರಿನ ಹಾದಿಯಲ್ಲಿ ಹೋಗುವಾಗ ನಾನು ಆ ಕಡೆಗೆ ಮುಖ ತಿರುಗಿಸುವುದಿಲ್ಲ.

ಆಂಗ್ಲರೂ ಮೊದಲಿನಿಂದಲೇ ಬುದ್ಧಿವಂತರಾಗಿರಲಿಲ್ಲ. ನೂರು ವರ್ಷಗಳೊಳಗೆ ಸಾವಿರಕ್ಕೂ ಮಿಕ್ಕಿ ವಾಡೆಗಳನ್ನು ಕೆಡವಿದರೆಂದು 1974ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಪ್ರದರ್ಶನವು ಅವರಿಗೇ ತೋರಿಸಿಕೊಟ್ಟಿತು. ನ್ಯಾಷನಲ್ ಟ್ರಸ್ಟ್ 1895ರಲ್ಲಿಯೇ ಹುಟ್ಟಿದ್ದರೂ, ವಾಡೆಗಳನ್ನು ಮನೆತನದವರಿಂದ ಪಡೆದು ಕಾಪಾಡುವ ಯೋಜನೆಗೆ 1937ರ ಕಾಯಿದೆಯಿಂದ ಬಲ ಬಂದಿತು. ಅದಕ್ಕೆ ದನಿಯೆತ್ತಿದವನು ಲಾರ್ಡ್ ಲೋಥಿಯನ್. 1932ರಲ್ಲಿ ನಮ್ಮ ಮತದಾನದ ಹಕ್ಕಿನ ವಿಚಾರಣೆಗೆ ಬಂದ ಸಮಿತಿಯ ಅಧ್ಯಕ್ಷನೂ ಇವನೇ. ಪರರಿಗೆ ಹೇಳಿ ತಾನು ಸುಮ್ಮನಿರಲಿಲ್ಲ. 1940ರಲ್ಲಿ ತೀರಿಕೊಂಡಾಗ ತನ್ನ ಬ್ಲಿಕ್ಲಿಂಗ್ ವಾಡೆಯನ್ನೇ ಟ್ರಸ್ಟಿಗೆ ಬಿಟ್ಟನು.

ಇನ್ನು ಹಣದ ಮಾತು. ಡಾರ್ಬಿಶೈರಿನ ಕೆಡಲ್‌ಸ್ಟನ್ನಿಗೆ ಹೋದಾಗ, ಆ ಮುಖಮಂಟಪವನ್ನು ಎಲ್ಲಿಯೋ ಕಂಡಂತೆ ತೋರಿದರೆ ಭ್ರಮೆಯೆನ್ನಬೇಡಿರಿ. ಕಲಕತ್ತೆಯ ರಾಜಭವನವನ್ನು ಅದರ ಮಾದರಿಯ ಮೇಲೆಯೇ ಕಟ್ಟಿದರು. ಅದು ಕರ್ಜನ್ ಮನೆತನದ ವಾಡೆ. ಬಂಗಾಲವನ್ನು 1905ರಲ್ಲಿ ಒಡೆದ ವೈಸರಾಯನು ಅಲ್ಲಿಯೇ ಹುಟ್ಟಿದನು. ಅವನೇ 1904ರಲ್ಲಿ ನಮ್ಮ ಪುರಾತನ ಸ್ಮಾರಕಗಳ ಸಂರಕ್ಷಣೆಯ ಕಾಯಿದೆಯನ್ನು ಮಾಡಿಸಿದನೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಉಪವನದ ಅಂದಕ್ಕಾಗಿ ಆ ಮನೆತನದವರು ಹಿಂದೆ ಒಂದು ಹಳ್ಳಿಯನ್ನೇ ಎಬ್ಬಿಸಿ ಬೇರೆಡೆಗೆ ಸಾಗಿಸಿದ್ದರು. ಇಪ್ಪತ್ತು ಅಲಬಾಸ್ಟರ್ ಕಂಬಗಳ ಸಭಾಂಗಣದಲ್ಲಿ ನಿಂತಾಗ ಆ ಹಳ್ಳಿ ಎಲ್ಲಿತ್ತೆಂದು ಕೇಳಿರಿ.

ಕಡೆಯದಾಗಿ ಪೋವಿಸ್. ಅದು ವೇಲ್ಸಿನಲ್ಲಿದೆ, ಅಲ್ಲಿಯ ಜನರ ಎದುರಿಗೆ ಅದನ್ನು ಇಂಗ್ಲಂಡದ ಮನೆಯೆಂದು ಕರೆದು ಬೈಸಿಕೊಳ್ಳಬೇಡಿರಿ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಮದರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವ್, ಪ್ಲಾಸಿಯ ಕ್ಲೈವನ ಮಗ, ಪೋವಿಸ್ ಮನೆತನದ ಹೆನ್ರಿಯೆಟಾಳ ಗಂಡ. ಆಕೆ 1800ರಲ್ಲಿ ಹೆಣ್ಣುಮಕ್ಕಳೊಡನೆ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿ ಶ್ರೀರಂಗಪಟ್ಟಣವನ್ನೂ ನೋಡಿದಳು. ಈಗ ಆ ಕೋಟೆಯೊಳಗೆ ಟಿಪ್ಪು ಸುಲ್ತಾನನ ಡೇರೆಯಿದೆ. ಅವನ ಸಿಂಹಾಸನದ ಹರಳು ಕೆತ್ತಿದ ಚಿನ್ನದ ಹುಲಿಮುಖವೊಂದಿದೆ. ಸಿಂಹಾಸನವನ್ನು ಒಡೆದು ಲೂಟಿಯ ಪಾಲಾಗಿ ಹಂಚಿದರು. ಅದಕ್ಕೂ ಲೆಕ್ಕವಿತ್ತು, ಅಧಿಕಾರಿಗಳಿದ್ದರು, ಪದವಿಗೆ ತಕ್ಕ ಪಾಲಿತ್ತು. ಲೂಟಿಗೆ ಕಾಯಿದೆಯ ಉಡುಪು ತೊಡಿಸುವುದರಲ್ಲಿ ಆ ಜನರ ಸಮಾನರಿಲ್ಲ.

ಹಿಂದೊಮ್ಮೆ ನಾನು ಆ ಡೇರೆಯ ಎದುರಿಗೆ ನಿಂತಿದ್ದೆನು. ಟಿಪ್ಪುವಿನ ವಿಷಯದಲ್ಲಿ ನಮ್ಮೊಳಗೆ ಎಷ್ಟೋ ಭಿನ್ನಾಭಿಪ್ರಾಯಗಳುಂಟು. ಆ ಬಟ್ಟೆಯ ವಿಷಯದಲ್ಲಿ ಬೇಕಿಲ್ಲ. ಬಿಳಿಯ ಹತ್ತಿಯ ಚೀಟಿಬಟ್ಟೆ, ಅಂಕಣಕ್ಕೊಂದು ಹೂಕುಂಡ, ಹೂವುಗಳ ಕೆಂಪು ಇನ್ನೂ ಮಾಸಿಲ್ಲ. ಬೆಳಕಿನಿಂದ ಬಣ್ಣ ಕೆಡಬಾರದೆಂದು ಮಬ್ಬುಗತ್ತಲೆಯಲ್ಲಿ ಎಷ್ಟು ಜೋಪಾನವಾಗಿ ಇಟ್ಟಿದ್ದಾರೆ! ನನಗೆ ಸಿಟ್ಟೂ ಬಂದಿತು, ಕೃತಜ್ಞತೆಯೂ ಬಂದಿತು. ಎರಡನ್ನೂ ಕೂಡಿಸಿ ಒಂದು ತೀರ್ಪು ಬರೆಯಲು ಇಂದಿಗೂ ನನ್ನಿಂದಾಗಿಲ್ಲ. ತನ್ನ ವಶದಲ್ಲಿರುವ 93 ಸ್ಥಳಗಳಿಗೆ ಗುಲಾಮಗಿರಿಯ ಮತ್ತು ಪರರಾಜ್ಯದ ಆಳಿಕೆಯ ಸಂಬಂಧವುಂಟೆಂದು ಟ್ರಸ್ಟು 2020ರಲ್ಲಿ ತಾನೇ ವರದಿ ಮಾಡಿತು. ಅದಕ್ಕಾಗಿ ಸ್ವದೇಶದಲ್ಲಿಯೇ ಬಹಳ ನಿಂದೆಯನ್ನು ಹೊತ್ತಿತು. ಆ ವರದಿಯನ್ನು ಪ್ರಯಾಣದಲ್ಲಿ ಓದಿರಿ.

ಸಮಯವಾಯಿತು. ಪೋವಿಸ್ಸಿನಿಂದ ಮುಂದೆ ಎರ್ಡಿಗ್ ವಾಡೆಗೆ ಹೋಗಲು ಸಾಧ್ಯವಾದರೆ ಬಿಡಬೇಡಿರಿ. ಅಲ್ಲಿಯ ಯಜಮಾನರು ತಮ್ಮ ಆಳುಕಾಳುಗಳ ಪಟಗಳನ್ನು ಬರೆಯಿಸಿ, ಪದ್ಯ ಕಟ್ಟಿ ತೂಗುಹಾಕಿದ್ದಾರೆ. ಎಲ್ಲ ಕಡೆಗೂ ಅಡಿಗೆಮನೆಯನ್ನು ನೋಡದೆ ಹೊರಡಬೇಡಿರಿ. ಪ್ರತಿಯೊಬ್ಬರೂ ಅಳತೆಯ ಟೇಪನ್ನೂ ಒಂದು ಟಿಪ್ಪಣಿಯ ಪುಸ್ತಕವನ್ನೂ ಇಟ್ಟುಕೊಳ್ಳಿರಿ. ಮರಳಿ ಬಂದ ಮೇಲೆ ಅವನ್ನು ಕಪಾಟಿಗೆ ಸೇರಿಸಬೇಡಿರಿ. ನಾನು ಹೇಳಿದ ಆ ವಾಡೆಯಲ್ಲಿ ಮೂರನೆಯ ತಮ್ಮನ ಪಾಲಿನ ಭಾಗವು ಇನ್ನೂ ನಿಂತಿದೆ. ಬೀಗದಕೈ ಅವನ ಮಗನ ಹತ್ತಿರವಿದೆ; ನಾನು ಕೇಳಿಟ್ಟಿರುವೆನು, ಕೊಡುವೆನೆಂದು ಹೇಳಿದ್ದಾನೆ. ನೀವು ಬಂದ ಮೊದಲನೆಯ ರವಿವಾರ ಹೋಗೋಣ.